ಒಬ್ಬರೇ ಇರುವ ಅಂಗವಿಕಲ ಯುವಜನರ ಬಾಡಿಗೆ ನೆರವು: ತಜ್ಞರ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಬ್ರಿಟಿಷ್ ಪ್ರಜೆ. ಲೆಸ್ಟರ್‌ನ ಖಾಸಗಿ ಫ್ಲ್ಯಾಟ್‌ನಲ್ಲಿ ಒಬ್ಬಳೇ ಇದ್ದೇನೆ. ನಾನು ದುಡಿಯಲಾರೆನೆಂದು, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮಾಸಿಕ ನೆರವಾದ ಯೂನಿವರ್ಸಲ್ ಕ್ರೆಡಿಟ್‌ನವರೇ ಒಪ್ಪಿದ್ದಾರೆ. ಆದರೂ ಬಾಡಿಗೆಗೆ ಹಂಚಿಕೆ ಮನೆಯ ಒಂದು ಕೋಣೆಯ ದರವನ್ನಷ್ಟೇ ಕೊಡುತ್ತಿದ್ದಾರೆ. ಇದು ತಪ್ಪಲ್ಲವೇ?

ಉತ್ತರ: ತಪ್ಪಲ್ಲ, ಮತ್ತು ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ದುಡಿಯುವ ಸಾಮರ್ಥ್ಯದ ಪರೀಕ್ಷೆಗೂ ಬಾಡಿಗೆಯ ಮಿತಿಗೂ ಸಂಬಂಧವಿಲ್ಲ. ಖಾಸಗಿ ಬಾಡಿಗೆ ಮನೆಯಲ್ಲಿ ಒಂಟಿಯಾಗಿರುವವರಿಗೆ ಹಂಚಿಕೆ ಕೋಣೆಯ ದರ ಅನ್ವಯಿಸುವ ವಯೋಮಿತಿಯನ್ನು 2012ರ ಜನವರಿಯಲ್ಲಿ 25ರಿಂದ 35ಕ್ಕೆ ಏರಿಸಲಾಯಿತು. ಇದರಿಂದ ನಿಮಗೆ ವಿನಾಯಿತಿ ಕೊಡಿಸಬಲ್ಲದ್ದು ಪಿಪ್ (ದೀರ್ಘಕಾಲದ ಅನಾರೋಗ್ಯ ಅಥವಾ ಅಂಗವೈಕಲ್ಯಕ್ಕೆ ಸರ್ಕಾರ ಕೊಡುವ ಭತ್ಯೆ), ಅದರಲ್ಲೂ ದೈನಂದಿನ ಜೀವನದ ಭಾಗ ಮಾತ್ರ. ಅಡುಗೆ, ಸ್ನಾನ, ಔಷಧಿ ಮುಂತಾದ ಚಟುವಟಿಕೆಗಳಲ್ಲಿ 8 ಅಂಕ ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. ಯಾವುದಾದರೊಂದು ಸಿಕ್ಕರೂ ಒಂದು ಮಲಗುವ ಕೋಣೆಯ ಸ್ವತಂತ್ರ ಮನೆಯ ದರ ಅನ್ವಯಿಸುತ್ತದೆ. ಆ ದರಕ್ಕೂ ಸ್ಥಳೀಯ ಮಿತಿಯಿರುವುದರಿಂದ ಬಾಡಿಗೆ ಪೂರ್ತಿ ಬರುತ್ತದೆಂದು ಭಾವಿಸಬೇಡಿ. ಓಡಾಟದ ಭಾಗವೊಂದೇ ಇದ್ದರೆ ಅದು ಎಷ್ಟೇ ದೊಡ್ಡ ಮೊತ್ತವಾಗಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು. ಅಂಥವರು ಪಿಪ್ ತೀರ್ಮಾನ ಬಂದ ಒಂದು ತಿಂಗಳೊಳಗೆ ಅದರ ಮರುಪರಿಶೀಲನೆ ಕೇಳಬಹುದು; ಆದರೆ ಇರುವ ಮಂಜೂರಾತಿಯನ್ನೂ ಇಳಿಸುವ ಅಧಿಕಾರ ಅಧಿಕಾರಿಗಳಿಗಿರುವುದರಿಂದ, ಕಡತವನ್ನು ಬಲ್ಲವರಿಗೆ ತೋರಿಸದೆ ಆ ಅರ್ಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪಿಪ್ ಮಂಜೂರಾದ ದಿನವೇ ಯೂನಿವರ್ಸಲ್ ಕ್ರೆಡಿಟ್ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ಬರೆಯಿರಿ, ತಾನಾಗಿಯೇ ಸರಿಹೋಗುತ್ತದೆಂದು ಕಾಯಬೇಡಿ. ತೀರ್ಮಾನ ಬರುವ ಮೊದಲೇ ದುಬಾರಿ ಫ್ಲ್ಯಾಟ್‌ಗೆ ಸಹಿ ಹಾಕುವವರಿಗೆ ನಾನೇನು ಹೇಳಲಿ?

ರಾತ್ರಿ ಆರೈಕೆಗೆ ಹೊರಗಿನವರು ನಿಯಮಿತವಾಗಿ ಬಂದು ತಂಗುವುದಾದರೆ, ಅವರಿಗಾಗಿ ಇನ್ನೊಂದು ಕೋಣೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಂಥ ಆರೈಕೆ ಬೇಕಾದವರಿಗೆ ಒಂದೇ ಮಲಗುವ ಕೋಣೆಯ ಮನೆಯ ದರ ಕೊಟ್ಟದ್ದು ತಾರತಮ್ಯವೆಂದು 2012ರಲ್ಲಿ ಬರ್ನಿಪ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಧಿಕಾರಿಗಳು ಇದನ್ನು ತಾವಾಗಿ ಕೇಳುವುದು ಅಪರೂಪ.

ಪ್ರಶ್ನೆ: ಪಿಪ್ ಖಚಿತವಾಗಿ ಕೊಡಿಸುತ್ತೇನೆಂದು ಒಬ್ಬರು ಶುಲ್ಕ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಒಂದು ಪೆನ್ನಿಯನ್ನೂ ಕೊಡಬೇಡಿ, ಅರ್ಜಿ ಉಚಿತ, ಖಾತರಿಯ ಮಾತು ವಂಚನೆ.

ಪ್ರಶ್ನೆ: ಕೌನ್ಸಿಲ್ ಮನೆಯಲ್ಲಿದ್ದೇನೆ, ವಯಸ್ಸು 30. ನನಗೂ ಈ ಮಿತಿ ಇದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಮೈಸೂರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದೇನೆ, ಶ್ರವಣದೋಷವಿದೆ. ನೆರವು ಸಿಗುತ್ತದೆಯೇ?

ಉತ್ತರ: ಆ ವೀಸಾದಲ್ಲಿ ಸಾರ್ವಜನಿಕ ನಿಧಿಗೆ, ಅಂದರೆ ಸರ್ಕಾರಿ ಭತ್ಯೆಗಳಿಗೆ, ಹಕ್ಕಿಲ್ಲ, ಪಿಪ್ ಕೂಡ ಅದರಲ್ಲೇ ಸೇರುತ್ತದೆ, ಅರ್ಜಿ ಹಾಕಿ ವೀಸಾಕ್ಕೇ ಕುತ್ತು ತಂದುಕೊಳ್ಳದೆ ವಿಶ್ವವಿದ್ಯಾಲಯದ ಅಂಗವಿಕಲರ ಸಹಾಯ ವಿಭಾಗಕ್ಕೆ ಹೋಗಿ.