ಗರ್ಭಕೋಶ ತೆಗೆಸುವ ಮಾತು ಈಗಲೇ ಬೇಡ

ಪ್ರಿಯ ಸಹೋದರಿ,

ಎರಡನೇ ಹೆರಿಗೆಯಾಗಿ ನಾಲ್ಕು ತಿಂಗಳು, ಸಂಜೆಯಾದರೆ ಕೆಳಗೆ ಏನೋ ಜಾರಿ ಬಂದಂತೆ ಭಾರ, ತೊಳೆಯುವಾಗ ಕೈಗೆ ಉಂಡೆಯಂತೆ ತಾಗುತ್ತದೆ ಎಂದು ಬರೆದಿದ್ದೀರಿ. ಅತ್ತೆಯವರು ‘ಎಲ್ಲರಿಗೂ ಇದ್ದದ್ದೇ’ ಎನ್ನುತ್ತಾರೆ, ಪಕ್ಕದ ಮನೆಯವರು ‘ಗರ್ಭಕೋಶ ತೆಗೆಸಿಬಿಡು’ ಎನ್ನುತ್ತಾರೆ. ನಿಮಗಿನ್ನೂ 27. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ.

ತೆಗೆಸುವ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. ಗರ್ಭಕೋಶ, ಮೂತ್ರಕೋಶ, ಮಲಾಶಯ ಮೂರನ್ನೂ ತೊಟ್ಟಿಲ ಬಟ್ಟೆಯಂತೆ ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ನಿಮ್ಮ ಕೈಗೆ ತಾಗುವುದು ಗರ್ಭಕೋಶವೇ ಇರಬೇಕೆಂದಿಲ್ಲ, ಯೋನಿಯ ಮುಂಗೋಡೆಯನ್ನು ತಳ್ಳಿಕೊಂಡು ಬಂದ ಮೂತ್ರಕೋಶವೂ ಇರಬಹುದು. ಕೊರತೆ ಆಸರೆಯಲ್ಲಿರುವಾಗ ಗರ್ಭಕೋಶವೊಂದನ್ನೇ ತೆಗೆದರೆ ಆಸರೆ ಗಟ್ಟಿಯಾಗದು. ತೆಗೆಸಿದ ಮೇಲೂ ಯೋನಿಯ ಮೇಲ್ಭಾಗವೇ ಜಾರಿ ಬರುವುದುಂಟು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು ಎಂದರೆ ಈ ಸಲಹೆ ಎಷ್ಟು ಸಲೀಸಾಗಿ ಸಿಗುತ್ತದೆಂದು ಯೋಚಿಸಿ.

ಸ್ತ್ರೀರೋಗ ತಜ್ಞರಲ್ಲಿ ತೋರಿಸಿ. ಜಾರಿದ್ದು ಒಂದು ಅಥವಾ ಎರಡನೇ ಹಂತದಲ್ಲಿದ್ದರೆ, ಅಂದರೆ ಇನ್ನೂ ಹೆಚ್ಚು ಜಾರಿಲ್ಲದಿದ್ದರೆ, ಕನಿಷ್ಠ ನಾಲ್ಕು ತಿಂಗಳು ವ್ಯಾಯಾಮ ಮಾಡಿ ನೋಡುವುದು ಮೊದಲ ಚಿಕಿತ್ಸೆ. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುತ್ತದಲ್ಲ, ಆ ಜಾಗವನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಆರೇಳು ಸೆಕೆಂಡು ಹಿಡಿದು ಪೂರ್ತಿ ಸಡಿಲ ಬಿಡಿ. ಹೀಗೆ ಎಂಟು-ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಎಷ್ಟೋ ಜನ ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಅದರಿಂದ ತೊಂದರೆಯೇ ಹೆಚ್ಚು. ಅದಕ್ಕೇ ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತೋರಿಸಿ. ಕೆಮ್ಮುವ, ಸೀನುವ, ಮಗುವನ್ನು ಎತ್ತುವ ಮುನ್ನವೂ ಹೀಗೇ ಬಿಗಿ ಹಿಡಿಯಿರಿ.

ಬಾಣಂತನದ ಪಥ್ಯದ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತಿಂದರೆ ಮಗುವಿಗೆ ಶೀತ ಎಂದು ಎರಡನ್ನೂ ಕಟ್ಟು ಮಾಡುತ್ತಾರೆ. ಜೊತೆಗೆ ಕಬ್ಬಿಣದ ಮಾತ್ರೆ. ಮಲ ಕಟ್ಟದೆ ಇನ್ನೇನಾಗುತ್ತದೆ? ಮುಕ್ಕಿದಷ್ಟೂ ಒತ್ತಡ ಆ ಸೋತ ಸ್ನಾಯುಗಳ ಮೇಲೇ. ನೀರು, ಸೊಪ್ಪು, ಹಣ್ಣು ಧಾರಾಳವಾಗಿರಲಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಹೊಟ್ಟೆಗೆ ಬಟ್ಟೆ ಕಟ್ಟಿದರೆ ಜಾರಿದ್ದು ಮೇಲೇರುವುದಿಲ್ಲ.

ಹಾಲೂಡಿಸುವ ದಿನಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಆ ಭಾಗ ತೆಳುವಾಗಿ, ಒಣಗಿರುತ್ತದೆ. ಹಾಲು ಬಿಡಿಸಿದ ಮೇಲೆ ಸ್ವಲ್ಪ ಹಗುರಾಗಬಹುದು, ಹಾಗೆಂದು ಬೇಗ ಬಿಡಿಸಬೇಕಿಲ್ಲ. ವ್ಯಾಯಾಮದಿಂದ ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಾನು ಹೇಳಲಾರೆ. ಭಾರ ಕಡಿಮೆಯಾಗಿ ಆರಾಮಾಗಿ ಓಡಾಡುವಂತಾದವರು ಬಹಳ ಮಂದಿ. ಅಷ್ಟಕ್ಕೆ ಆಗದಿದ್ದರೆ ಪೆಸರಿ ಎಂಬ ಸಿಲಿಕೋನ್ ಉಂಗುರವಿದೆ. ಅರಿವಳಿಕೆ ಇಲ್ಲದೆ ಕ್ಲಿನಿಕ್ಕಿನಲ್ಲೇ ಒಳಗೆ ಕೂರಿಸುತ್ತಾರೆ, ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವುದನ್ನು ಕಲಿಯಬಹುದು. ಶಸ್ತ್ರಚಿಕಿತ್ಸೆಯ ಮಾತು ಆಮೇಲಿನದು. ಆದರೆ ಮೂತ್ರ ಕಟ್ಟಿದರೆ, ರಕ್ತ ಅಥವಾ ದುರ್ವಾಸನೆಯ ಸ್ರಾವ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ನೀರಿನ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಸದ್ಯಕ್ಕೆ ನಿಮ್ಮ ಕೆಲಸವಲ್ಲ. ವೈದ್ಯರಲ್ಲಿಗೆ ಯಜಮಾನರನ್ನೂ, ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಕೊಡ ಎತ್ತಬಾರದು ಎನ್ನುವುದನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.

— ಸಂಪಾದಕಿ