ಸಂಗೀತ ಮೇಷ್ಟ್ರ ಪ್ರೇಮಕಥೆಯಲ್ಲಿ ಪಾಠದ ದೃಶ್ಯ ನಿಜವೆನಿಸಬೇಕಾದರೆ ಏನು ಮಾಡಬೇಕು?

ಹಿಂದೂಸ್ತಾನಿ ಮೇಷ್ಟ್ರು, ಪ್ರಾಯಕ್ಕೆ ಬಂದ ಶಿಷ್ಯೆ, ಇಬ್ಬರ ನಡುವೆ ಪ್ರೀತಿ. ಪುಣೆಯಲ್ಲಿ ಚಿತ್ರೀಕರಣ, ನಟರಿಗೆ ಹಾಡಲು ಬರುವುದಿಲ್ಲ ಅಂದಿದ್ದೀರಿ. ದನಿ ಬೇರೆಯವರದಾದರೂ ನಡೆಯುತ್ತದೆ. ಸುಳ್ಳು ಗೊತ್ತಾಗುವುದು ಕೈಯಲ್ಲಿ. ಭೀಮಸೇನ ಜೋಶಿಯವರು ಬಾಳಿದ, 1953ರಿಂದ ಸವಾಯಿ ಗಂಧರ್ವ ಸಂಗೀತೋತ್ಸವ ಕೇಳುತ್ತ ಬಂದ ಊರಿದು; ತಂಬೂರಿ ಹಿಡಿದ ರೀತಿ ನೋಡಿಯೇ ಇಲ್ಲಿನವರು ಹೇಳಿಬಿಡುತ್ತಾರೆ.

ತಂಬೂರಿಯ ನಾಲ್ಕು ತಂತಿಗಳಲ್ಲಿ ಪಂಚಮದ (ಪ) ತಂತಿಗೆ ನಡುಬೆರಳು, ಉಳಿದ ಮೂರು ಷಡ್ಜಗಳಿಗೆ (ಸ) ತೋರುಬೆರಳು. ಬೆರಳು ತಂತಿಯನ್ನು ಸವರಬೇಕು, ಕೀಳಬಾರದು. ನಟರು ತಪ್ಪದೆ ಮಾಡುವ ತಪ್ಪೆಂದರೆ ತಬಲಾದ ಲಯಕ್ಕೆ ಮೀಟುವುದು. ತಂಬೂರಿಗೆ ತಾಳದ ಹಂಗಿಲ್ಲ, ಹಾಡು ನಿಂತರೂ ಅದು ತನ್ನ ಪಾಡಿಗೆ ನಡೆದಿರಬೇಕು. ವಾರಗಟ್ಟಲೆ ಇದೊಂದನ್ನೇ ರೂಢಿ ಮಾಡಿಸಿ. ಪುಣೆಯ ಮಳೆಗಾಲದ ತೇವ, ಸೆಟ್ಟಿನ ದೀಪದ ಕಾವು ಎರಡಕ್ಕೂ ಶ್ರುತಿ ಜಾರುತ್ತದೆ; ಹಾಗಾಗಿ ಶಾಟ್‌ಗೆ ಮೊದಲು ಶ್ರುತಿಯನ್ನು ನವಿರಾಗಿ ಹೊಂದಿಸುವ ಮಣಿ, ತಂತಿಗೆ ಝೇಂಕಾರ ಕೊಡುವ ಜವಾರಿಯ ದಾರ ಸರಿಮಾಡಬಲ್ಲವರೊಬ್ಬರು ಹತ್ತಿರ ಇರಲಿ.

ಶ್ರುತಿಯ ವಿಷಯವನ್ನು ಚಿತ್ರಕಥೆಯಲ್ಲೇ ಯೋಚಿಸಿ. ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕದಲ್ಲಿ ಗಂಡಸಿಗೆ ಕರಿ ಒಂದು, ಹೆಂಗಸಿಗೆ ಕರಿ ನಾಲ್ಕು ಷಡ್ಜವಾಗುವುದು ಸಾಮಾನ್ಯ. ಪಾಠ ಅವಳ ಶ್ರುತಿಯಲ್ಲಿ ನಡೆದರೆ ಅವಳ ತಾರ ಷಡ್ಜ (ಮೇಲಿನ ಸ) ಅವನಿಗೆ ತಾರ ಪಂಚಮ (ಮೇಲಿನ ಪ). ಅಷ್ಟೆತ್ತರಕ್ಕೆ ಹೋಗುವಾಗ ಮೇಷ್ಟ್ರ ದನಿ ಬಿಗಿಯುತ್ತದೆ; ಆಮೇಲೆ ಅವನು ಕೈಯಲ್ಲಷ್ಟೇ ತೋರಿಸಿ, ಹಾಡುವುದನ್ನು ಅವಳಿಗೆ ಬಿಡುತ್ತಾನೆ. ನನ್ನ ಮಟ್ಟಿಗೆ ಯಾವ ಪ್ರೇಮ ಸಂಭಾಷಣೆಗಿಂತಲೂ ಇದು ಮೇಲು. ಇಬ್ಬರನ್ನೂ ಒಂದೇ ಶ್ರುತಿಯಲ್ಲಿ ಆರಾಮವಾಗಿ ಹಾಡಿಸಿಬಿಟ್ಟರೆ ಕೈಗೆ ಬಂದ ದೃಶ್ಯವನ್ನೇ ಕಳೆದುಕೊಂಡಂತೆ.

ಸಂಜೆಯ ರಾಗವಾದ ಯಮನ್ ಇಟ್ಟುಕೊಂಡರೆ ಕಿಟಕಿಯಲ್ಲಿ ಸಂಜೆಯ ಬೆಳಕಿರಲಿ, ಬೆಳಗಿನ ಬಿಸಿಲು ಬೇಡ. 16 ಮಾತ್ರೆಗಳ ತೀನ್‌ತಾಳದಲ್ಲಿ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆಯಿಲ್ಲದೆ ಕೈ ಬೀಸುವುದು. ಹಿಂದೆ ಕೂತು ತಾಳ ಹಾಕುವ ಮಕ್ಕಳ ಕೈಯೂ ಹಾಗೇ ಇರಬೇಕು.

ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಹಾಡು ಶುರುವಾಗುವುದು ನಟರಿಗೆ ತಿಳಿಯಲು ಆರಂಭಕ್ಕೆ ನಾಲ್ಕು ಬೀಪ್ ಸೇರಿಸಿ. ಸೆಟ್ಟಿನಲ್ಲಿ ನಟರು ಬಾಯಿ ಆಡಿಸಿದರೆ ಸಾಲದು, ಗಟ್ಟಿಯಾಗಿ ಹಾಡಲಿ; ಅಪಸ್ವರವಾದರೂ ಪರವಾಗಿಲ್ಲ, ಕತ್ತಿನ ನರ, ಉಸಿರು ಸರಿಯಾಗಿ ಕಾಣುತ್ತವೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್‌ನಲ್ಲಿಟ್ಟು ಎಡಿಟಿಂಗ್‌ನಲ್ಲಿ ಅವೇ ಫ್ರೇಮ್‌ಗಳನ್ನು 24ರ ವೇಗಕ್ಕೆ ಓಡಿಸಿದರೆ 3 ನಿಮಿಷದ ಹಾಡಿಗೆ 7 ಸೆಕೆಂಡಿಗಿಂತ ಹೆಚ್ಚು ತುಟಿ ಹಿಂದೆ ಬೀಳುತ್ತದೆ. ಫ್ರೇಮ್‌ಗಳ ಆ ಸಂಖ್ಯೆಯನ್ನು ಮೊದಲ ದಿನವೇ ಎಡಿಟರ್ ಜೊತೆ ಕೂತು ಗಟ್ಟಿಮಾಡಿಕೊಳ್ಳಿ.