‘ನೀವು ಹೇಳಿದಂಗೆ ಆಗ್ಲಿ’ ಎಂದವರು ಒಪ್ಪಿದ್ದಾರೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ರಾಯಚೂರು ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿದ್ದೇನೆ. ಮಹಿಳಾ ಸಂಘದ ಸಭೆಯಲ್ಲಿ ಏನು ಕೇಳಿದರೂ ‘ನೀವು ಹೆಂಗ ಹೇಳ್ತೀರಿ ಹಂಗ ಆಗ್ಲಿ ಮೇಡಂ’ ಎನ್ನುತ್ತಾರೆ. ಹೊಲಿಗೆ ತರಬೇತಿಗೆ ಎಲ್ಲರೂ ಒಪ್ಪಿ, ಠರಾವಿಗೆ ಸಹಿ ಹಾಗೂ ಹೆಬ್ಬೆಟ್ಟು ಹಾಕಿದ್ದರು. ತರಬೇತಿ ಶುರುವಾದಾಗ ಬಂದವರು ಕೆಲವರೇ. ಅವರೊಂದಿಗೆ ಸೇರಿ ಕೆಲಸ ಮಾಡಬೇಕೆಂಬ ಆಸೆ ನನಗಿದೆ. ಅವರಿಗೇ ಆಸಕ್ತಿ ಇಲ್ಲದಿದ್ದರೆ ಏನು ಮಾಡಲಿ? ಓದಿ ಕಲಿತದ್ದನ್ನೆಲ್ಲ ಬದಿಗಿಟ್ಟು ಸುಮ್ಮನೆ ಕೂರಬೇಕೆ?

ಉತ್ತರ: ಆಸಕ್ತಿ ಇಲ್ಲವೆಂಬ ತೀರ್ಮಾನಕ್ಕೆ ಬರುವ ಮೊದಲು, ‘ಬೇಡ’ ಎನ್ನುವ ಅವಕಾಶ ಅವರಿಗೆ ಇತ್ತೇ ಎಂದು ಕೇಳಿಕೊಳ್ಳಿ. ಸಾಲಕ್ಕೆ ಶಿಫಾರಸು ಮಾಡುವವರು ನೀವು, ಪಟ್ಟಿಯಲ್ಲಿ ಹೆಸರು ಬರೆಯುವವರು ನೀವು, ಮುಂದಿನ ಯೋಜನೆ ಯಾವ ಊರಿಗೆ ಹೋಗಬೇಕೆಂದು ಕಚೇರಿಯಲ್ಲಿ ಹೇಳುವವರೂ ನೀವೇ. ಅಂಥವರ ಎದುರು ತುಂಬಿದ ಸಭೆಯಲ್ಲಿ ‘ಈ ಹೊಲಿಗೆ ನಮಗೆ ಬೇಡ’ ಎನ್ನಲು ದಿನಗೂಲಿಯ ಹೆಣ್ಣುಮಗಳಿಗೆ ಧೈರ್ಯ ಸಾಲದು. ಆಕೆ ಸಭೆಯಲ್ಲಿ ತಲೆಯಾಡಿಸಿ, ತರಬೇತಿಗೆ ಬರದೆ ತನ್ನ ಉತ್ತರ ಕೊಟ್ಟಿದ್ದಾಳೆ. ತರಬೇತಿ ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ನಡೆಯಿತೆಂದು ನೀವು ಬರೆದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹಗಲು ಹೊತ್ತು ನಡೆದಿದ್ದರೆ, ಬಂದ ಕೆಲವರು ಕೂಲಿ ಬಿಟ್ಟು ಬಂದವರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಯನ್ನು ಹಿಂದೆಯೇ ಗಂಭೀರವಾಗಿ ಎತ್ತಿಕೊಂಡ ಕಾರ್ಯಕ್ರಮವೊಂದಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾದಲ್ಲಿ ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ, ಅಂದರೆ ಕ್ಷೇತ್ರ ಕಾರ್ಯಕರ್ತೆ, ಇರುತ್ತಿದ್ದರು. ಮುಂಚಿತವಾಗಿ ಗುರಿ ನಿಗದಿ ಮಾಡಿ ಮೇಲಿನಿಂದ ಇಳಿಸಬಾರದು, ಯಾವುದು ಮೊದಲು ಎಂಬುದನ್ನು ಸಂಘದ ಮಹಿಳೆಯರೇ ತೀರ್ಮಾನಿಸಬೇಕು, ಕಾರ್ಯಕರ್ತೆಯರ ಪಾತ್ರ ಬೆಂಬಲದ್ದೇ ಹೊರತು ನಿರ್ದೇಶನದ್ದಲ್ಲ ಎಂಬುವು ಅದರ ರಾಜಿಯಿಲ್ಲದ ತತ್ವಗಳಾಗಿದ್ದವು. ಸರ್ಕಾರದ ಹಣದಿಂದ ನಡೆಯುವ ಕಾರ್ಯಕ್ರಮವೊಂದು ‘ತಿಂಗಳಿಗೆ ಇಷ್ಟು ಫಲಾನುಭವಿಗಳು’ ಎಂಬ ಲೆಕ್ಕವಿಲ್ಲದೆ ಹೊರಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ, ಇಂದಿಗೂ ಅಲ್ಲ. ನಿಮ್ಮ ಸಂಸ್ಥೆಗೆ ದಾನಿಗಳು ಗುರಿ ಕೊಟ್ಟಿರಬಹುದು. ಹಾಗಿದ್ದರೆ ಅದನ್ನು ಮುಚ್ಚಿಟ್ಟು ‘ನಿಮಗೇನು ಬೇಕು ಹೇಳಿ’ ಎಂದು ಕೇಳುವ ನಾಟಕ ಬೇಡ. ‘ನಮ್ಮ ಬಳಿ ಇರುವುದು ತರಬೇತಿಗಾಗಿ ಬಂದ ಇಷ್ಟು ಹಣ, ಇದನ್ನು ಬೇರೆಯದಕ್ಕೆ ಬಳಸಲಾಗದು, ಇದರೊಳಗೆ ನಿಮಗೆ ಒಗ್ಗುವುದು ಏನಾದರೂ ಇದೆಯೇ, ಇಲ್ಲದಿದ್ದರೆ ಹಾಗೆಂದೇ ವರದಿ ಕಳಿಸುತ್ತೇನೆ’ ಎಂದು ಬಿಚ್ಚಿ ಹೇಳಿ. ಇಷ್ಟು ಹೇಳುವುದಕ್ಕೆ ಕಚೇರಿಯಲ್ಲಿ ಯಾರ ಒಪ್ಪಿಗೆ ಬೇಕೋ ಅದನ್ನು ಮೊದಲೇ ಪಡೆದಿರಿ.

ಕೆಲಸದ ರೀತಿಯಲ್ಲಿ ಬದಲಾಗಬೇಕಾದದ್ದು ಸಭೆಯ ಪುಸ್ತಕದಿಂದಲೇ ಶುರುವಾಗಲಿ. ನಡಾವಳಿ ಬರೆಯುವವರು ಯಾರು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ನಂತರವೇ ಹೆಬ್ಬೆಟ್ಟು ಬೀಳುತ್ತದೆಯೇ, ಪುಸ್ತಕ ಯಾರ ಮನೆಯಲ್ಲಿ ಇರುತ್ತದೆ? ಅದು ನಿಮ್ಮ ಚೀಲದಲ್ಲೇ ಬಂದು ನಿಮ್ಮ ಚೀಲದಲ್ಲೇ ಹೋಗುತ್ತಿದ್ದರೆ ಆ ಸಂಘ ಇನ್ನೂ ನಿಮ್ಮದೇ. ಠರಾವನ್ನು ಆ ಸಭೆಯಲ್ಲೇ ಮುಗಿಸದೆ ಮುಂದಿನ ಸಭೆಗೆ ಬಿಡುವುದು ಇನ್ನೊಂದು ಉಪಾಯ. ನಡುವಿನ ದಿನಗಳಲ್ಲಿ, ನೀವು ಊರಲ್ಲಿಲ್ಲದಾಗ, ನೀರಿನ ಸಾಲಿನಲ್ಲೋ ಹೊಲದ ಬದುವಿನಲ್ಲೋ ನಡೆಯುವ ಮಾತೇ ನಿಜವಾದ ಚರ್ಚೆ. ಮೊದಲಿಗೆ ಇದರಿಂದ ಕೆಲಸ ನಿಧಾನವಾಗುತ್ತದೆ, ಪ್ರಗತಿ ವರದಿಯ ಕೋಷ್ಟಕಗಳು ಖಾಲಿ ಕಾಣುತ್ತವೆ, ಮೇಲಿನವರು ಗೊಣಗುತ್ತಾರೆ.

ಈ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಘಟಪ್ರಭೆಯನ್ನು ನೋಡಬಹುದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ 1982ರ ಕಾಯ್ದೆ ಬಂದ ಮೇಲೂ ಪದ್ಧತಿ ತಾನಾಗಿ ನಿಂತಿರಲಿಲ್ಲ. 1990ರ ದಶಕದಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಪುನರ್ವಸತಿ ಕೆಲಸಕ್ಕೆ ಕೈಹಾಕಿತು. ಅದರಿಂದ ಮಾಜಿ ದೇವದಾಸಿ ಮಹಿಳೆಯರದೇ ಆದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಮೂಡಿತು. ಊರಿನ ಜಾತ್ರೆ, ಪೂಜಾರಿ, ಬಡ್ಡಿ ಸಾಲ, ಮನೆಯೊಳಗಿನ ಒತ್ತಡ ಯಾವಾಗ ಹೇಗೆ ಸೇರಿ ಒಂದು ಹುಡುಗಿಯ ಕೊರಳಿಗೆ ಮುತ್ತು ಕಟ್ಟಿಸಿ ಅವಳನ್ನು ದೇವದಾಸಿಯಾಗಿಸುತ್ತವೆ ಎಂಬುದು ಆ ಮಹಿಳೆಯರಿಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅರ್ಜಿ ಬರೆಯುವ, ಬ್ಯಾಂಕಿನ ಮೆಟ್ಟಿಲೇರುವ, ಲೆಕ್ಕಪತ್ರ ಇಡುವ ಬಲವನ್ನು ಹೊರಗಿನವರು ಜೊತೆ ನಿಂತು ಕಟ್ಟಬಹುದು.

ನಿಮ್ಮ ಓದನ್ನು ಬದಿಗಿಡಬೇಕಿಲ್ಲ ಎನ್ನುವುದಕ್ಕೂ ಇದೇ ಕಾರಣ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆತಾಗ, ಕಾಡಿನ ನೆನಪು ಸೋಲಿಗರದಾಗಿತ್ತು. ಅದನ್ನು ನಕ್ಷೆಯ ಮೇಲೆ ತರುವ ಕೆಲಸಕ್ಕೆ ಹೊರಗಿನ ಸಂಶೋಧಕರ ಕೈಯೂ ಸೇರಿತ್ತು. ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಹಕ್ಕಿನ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರ ಇರುವುದೇ ಗ್ರಾಮಸಭೆಗೆ. ನಿಮ್ಮ ತಿಳಿವಳಿಕೆಯನ್ನು ಸಭೆಯ ಮುಂದಿಡಿ, ಆದರೆ ಕೊನೆಯ ಮಾತಾಗಿ ಇಡಬೇಡಿ.

ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಜೊತೆಗೂಡಿ ಕೆಲಸ ಮಾಡುವುದೆಂದರೆ ಎಲ್ಲವನ್ನೂ ಸಂಘದ ಇಚ್ಛೆಗೆ ಬಿಡುವುದಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ‘ಊರಲ್ಲೇ ಬಗೆಹರಿಸೋಣ’ ಎಂದು ಸಂಘವೇ ಠರಾವು ಮಾಡಿದರೂ ನೀವು ಬದ್ಧರಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಪರಿಚಯದ ಮೊದಲ ದಿನಗಳಲ್ಲೇ ಹೇಳಿಬಿಡಿ. ಪ್ರಸಂಗ ಬಂದ ಮೇಲೆ ಹೇಳಿದರೆ ಅದು ದ್ರೋಹವಾಗಿ ಕಾಣುತ್ತದೆ.

ಪ್ರಶ್ನೆ: ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ನಾನು ಈಗ ಆರೋಗ್ಯವಾಗಿದ್ದು ಉದ್ಯೋಗದಲ್ಲಿದ್ದೇನೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಒಳ್ಳೆಯವರು, ಆದರೆ ನಾನು ಎದುರಿಗೆ ಕುಳಿತಿರುವಾಗಲೇ ‘ಇವರಿಗೆ ನಿದ್ದೆ ಬರುತ್ತದೆಯೇ’ ಎಂದು ನನ್ನ ಅಣ್ಣನನ್ನು ಕೇಳುತ್ತಾರೆ. ಮುಂದಿನ ಯೋಜನೆಯೂ ಅವರಿಬ್ಬರ ನಡುವೆಯೇ ತೀರ್ಮಾನವಾಗುತ್ತದೆ. ಇದನ್ನು ಪ್ರಶ್ನಿಸಿದರೆ ಕಾಯಿಲೆ ಮರುಕಳಿಸಿದೆ ಎಂದುಕೊಳ್ಳುತ್ತಾರೆಂಬ ಭಯವಿದೆ.

ಉತ್ತರ: ನಿಮ್ಮ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆವು, ಆದರೆ ಕಾನೂನು ನಿಮ್ಮ ಕಡೆಗಿದೆ. ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ 2017ರ ಪ್ರಕಾರ ನಿಮ್ಮ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ನೀವೇ ನೇಮಿಸಬಹುದು. ಇದಕ್ಕೆ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಆ ಪ್ರತಿನಿಧಿ ಅಣ್ಣನೇ ಆಗಬೇಕೆಂದಿಲ್ಲ. ಹದಿನೆಂಟು ತುಂಬಿದ, ನಿಮ್ಮ ವಿಶ್ವಾಸದ ಗೆಳೆಯರಾದರೂ ಆಗಬಹುದು. ಮುಂದೊಮ್ಮೆ ನಿರ್ಧರಿಸಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಗಡ ನಿರ್ದೇಶನವಾಗಿ ಬರೆದಿಡುವ ಹಕ್ಕೂ ಇದೆ. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸದು. ನಿಮ್ಮ ಮೂಲ ವೈದ್ಯಕೀಯ ದಾಖಲೆಗಳನ್ನು ನೋಡಲು ಕೇಳಬಹುದು. ನಿಮಗೆ ಗಂಭೀರ ಮಾನಸಿಕ ಹಾನಿಯಾಗುವುದೆಂದೋ ಬೇರೆಯವರಿಗೆ ಅಪಾಯವೆಂದೋ ಕಂಡರೆ ದಾಖಲೆಗಳ ಹೊಣೆ ಹೊತ್ತ ಮಾನಸಿಕ ಆರೋಗ್ಯ ತಜ್ಞರು ಕೆಲವು ಭಾಗವನ್ನು ತಡೆಹಿಡಿಯಬಹುದು.

ಆದರೂ ಕಾಯ್ದೆಯ ಹೆಸರು ಹೇಳಿ ಮಾತು ಶುರು ಮಾಡುವುದು ಬೇಡ. ಮುಂದಿನ ಭೇಟಿಗೆ ಹೋಗುವ ಮೊದಲು ನಿದ್ದೆ, ಔಷಧದ ತೊಂದರೆಗಳು, ಕೆಲಸದ ಸ್ಥಿತಿ, ನಿಮ್ಮ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ‘ಸರ್, ಮೊದಲು ಹತ್ತು ನಿಮಿಷ ನಾನೊಬ್ಬನೇ ಮಾತನಾಡುತ್ತೇನೆ, ಆಮೇಲೆ ಅಣ್ಣನನ್ನು ಕರೆಯೋಣ’ ಎಂದು ಕೇಳಿ. ಈ ವಿಷಯವನ್ನು ಅಣ್ಣನಿಗೆ ಮನೆಯಲ್ಲೇ ತಿಳಿಸಿರಿ. ಇಷ್ಟು ವರ್ಷ ಔಷಧದ ಹೊತ್ತು ನೋಡಿಕೊಂಡವರಿಗೆ ಆಸ್ಪತ್ರೆಯ ಎದುರಿಗೆ ಅವಮಾನವಾಗಬಾರದು. ಬಹಳಷ್ಟು ಕಾರ್ಯಕರ್ತರು ಮನೆಯವರನ್ನು ಕೇಳುವುದು ಅಭ್ಯಾಸಬಲದಿಂದ ಮತ್ತು ಸಮಯದ ಒತ್ತಡದಿಂದ. ನೇರವಾಗಿ ಕೇಳಿದಾಗ ಒಪ್ಪುತ್ತಾರೆ. ಒಪ್ಪದಿದ್ದರೆ ಮೇಲಿನ ಹಕ್ಕುಗಳನ್ನು ಲಿಖಿತವಾಗಿ ಕೇಳುವ ದಾರಿ ತೆರೆದೇ ಇರುತ್ತದೆ.

ಪ್ರಶ್ನೆ: ಮನೆಭೇಟಿಗೆ ಹೋದಾಗ ಊಟ ಮಾಡಿ ಎನ್ನುತ್ತಾರೆ, ಬರುವಾಗ ಶೇಂಗಾ, ತೊಗರಿಬೇಳೆ ಕಟ್ಟಿಕೊಡುತ್ತಾರೆ. ಏನನ್ನೂ ಸ್ವೀಕರಿಸಬಾರದೆಂದು ಸಂಸ್ಥೆಯ ನಿಯಮ. ಏನು ಮಾಡಲಿ?

ಉತ್ತರ: ಊಟ ಮಾಡಿ. ಯಾವ ಕೇರಿಯಲ್ಲಿ ನೀರು ಕುಡಿದಿರಿ, ಯಾವ ಕೇರಿಯಲ್ಲಿ ‘ಈಗಷ್ಟೇ ಆಯಿತು’ ಎಂದಿರಿ ಎಂಬುದನ್ನು ಊರು ಗಮನಿಸುತ್ತದೆ, ಅದರಿಂದ ನಿಮ್ಮ ಜಾತಿಯನ್ನೂ ನಿಮ್ಮ ಮನಸ್ಸನ್ನೂ ಅಳೆಯುತ್ತದೆ. ನಿಯಮ ಮಾಡಿದವರು ಇದನ್ನು ಯೋಚಿಸಿರಲಾರರು, ಹಾಗಾಗಿ ಊಟ ಹಾಗೂ ಚಹಾವನ್ನು ಹೊರತುಪಡಿಸುವಂತೆ ಸಂಸ್ಥೆಯಲ್ಲಿ ಲಿಖಿತವಾಗಿ ಕೇಳಿ. ಕಟ್ಟಿಕೊಟ್ಟ ಕಾಳುಕಡಿಯ ವಿಚಾರ ಬೇರೆ: ಸಾಲ, ಪಿಂಚಣಿ ಅಥವಾ ಆಯ್ಕೆ ಪಟ್ಟಿಯ ಅರ್ಜಿ ನಿಮ್ಮ ಕೈಯಲ್ಲಿರುವ ಮನೆಯಿಂದ ಅದನ್ನು ತರಬೇಡಿ. ಉಳಿದ ಮನೆಗಳಿಂದ ಬಂದದ್ದನ್ನು ಸಂಘದ ಮುಂದಿನ ಸಭೆಗೆ ಒಯ್ದು, ಇಂಥವರ ಮನೆಯದೆಂದು ಹೇಳಿ, ಎಲ್ಲರೂ ಹಂಚಿಕೊಳ್ಳಿ.